ಅಂಟಿನ ಹಿಂದಿನ ತಾರೀಖು

ನನ್ನ ತಂಗಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಐವತ್ತು ದಾಟಿದವಳು ಹೀಗೆಲ್ಲ ಬರೆಯಬಾರದು, ಖರೆ. ಆದರೆ ಹಾಲು ಒಡೆದದ್ದು, ಸಿಲಿಂಡರ್ ಬಂದದ್ದು, ಹುಣಸೆಹಣ್ಣು ಬಿಡಿಸಿದ್ದು ಎಲ್ಲವನ್ನೂ ದಿನಾ ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡುವವಳಿಗೆ ಇದೊಂದನ್ನು ಬಿಡುವುದು ಸರಿ ಅನಿಸಲಿಲ್ಲ.

ಮೂಡಲಗಿಯಲ್ಲಿ ನಮ್ಮ ಅಪ್ಪನದು ಚಹಾದ ಅಂಗಡಿ. ಗಿರಾಕಿಗಳಿಗೆಂದು ಪೇಪರು ತರಿಸುತ್ತಿದ್ದ. ಬೆಳಿಗ್ಗೆ ಹತ್ತು ಮಂದಿ ಓದಿದ ಪೇಪರು ಮರುದಿನ ಮಿರ್ಚಿ ಭಜಿಯ ಕೆಳಗೆ ಹೋಗುತ್ತಿತ್ತು. ಹೋಗುವ ಮೊದಲು ಮೂಲೆಯ ವ್ಯಂಗ್ಯಚಿತ್ರವನ್ನು ಉಳಿಸಿಕೊಳ್ಳಬೇಕು. ಆ ಕೆಲಸ ನನ್ನದು. ಎಣ್ಣೆ ಕಾಯುವಷ್ಟರಲ್ಲಿ ಅರ್ಧ ಮುರಿದ ಬ್ಲೇಡಿನಿಂದ ನಾಲ್ಕೂ ಕಡೆ ಗೀರಿ ಬಿಡಿಸುತ್ತಿದ್ದೆ.

"ಹಿಂದ ತಾರೀಖು ಬರಿ, ಯವ್ವಾ. ನಾಳೆ ಯಾರರ ಕೇಳಿದ್ರ ಬೇಕಾಕ್ಕೈತಿ," ಅನ್ನುತ್ತಿದ್ದ ಅಪ್ಪ.

ನಾನು ನೀಲಿ ಮಸಿಯಲ್ಲಿ ದುಂಡಗೆ ಬರೆಯುತ್ತಿದ್ದೆ. ಅಪ್ಪ ಅದರ ಮೇಲೇ ಮೈದಾ ಹಿಟ್ಟಿನ ಅಂಟು ಸವರಿ ದಪ್ಪ ವಹಿಯ ಹಾಳೆಗೆ ಒತ್ತುತ್ತಿದ್ದ. ಹಿಂದೆ ಬರೆದದ್ದರ ಮೇಲೆ ಅಂಟು ಬಳಿದರೆ ಅದನ್ನು ಯಾರು ಓದುತ್ತಾರೆ? ಐದಾರು ವರ್ಷ ನಡೆದ ಕೆಲಸ. ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ತಂಗಿ ಆಗ ಚಿಕ್ಕವಳು. ಅಂಟು ಒಣಗುವ ತನಕ ಚಿತ್ರದ ಮೇಲೆ ಅಂಗೈ ಒತ್ತಿ ಕೂಡುವುದಷ್ಟೇ ಅವಳ ಪಾಲು.

ನಾನು ಏಳನೇ ಇಯತ್ತೆ ಮುಗಿಸಿದ ವರ್ಷ ಅವ್ವ ಹಾಸಿಗೆ ಹಿಡಿದಳು. ನಾನು ಸಾಲಿ ಬಿಟ್ಟು ಒಲೆಯ ಮುಂದೆ ನಿಂತೆ. ತಂಗಿ ಓದಿದಳು, ಹುಕ್ಕೇರಿಯಲ್ಲಿ ಟೀಚರ್ ಆದಳು. ನಾನು ಮದುವೆಯಾಗಿ ಗೋಕಾಕಕ್ಕೆ ಬಂದೆ. ಅಂಗಡಿ ಮುಚ್ಚಿದ ದಿನ ಅಪ್ಪ ಆ ವಹಿಯನ್ನು ಹಳೆ ಧೋತರದಲ್ಲಿ ಸುತ್ತಿ ತಂಗಿಯ ಕೈಗಿಟ್ಟ.

"ಆಕಿಗೆ ಸಾಲಿಯಾಗ ಉಪಯೋಗ ಆಕ್ಕೈತಿ. ನೀ ತಗೊಂಡು ಏನ್ ಮಾಡ್ತಿ?"

ನಾನು ಚಹಾದ ಕಪ್ಪುಗಳನ್ನು ತೊಳೆಯುತ್ತಿದ್ದೆ, ಅದನ್ನೇ ಮುಂದುವರಿಸಿದೆ.

ಈ ಸಲ ತಂಗಿಯ ಸಾಲಿಯಲ್ಲಿ ಆ ಚಿತ್ರಗಳ ಪ್ರದರ್ಶನ ಇತ್ತು. ಕರದಂಟಿನ ಡಬ್ಬಿ ಹಿಡಿದು ಬಸ್ಸಿನಲ್ಲಿ ಹೋದೆ. ವಹಿ ಮೇಜಿನ ಮೇಲೆ, ಚಿತ್ರಗಳನ್ನು ದೊಡ್ಡದು ಮಾಡಿಸಿ ಗೋಡೆಯ ಮೇಲೆ. ನೀರಿನ ನಳಕ್ಕೆ ಹಾರ ಹಾಕಿ ರಿಬ್ಬನ್ ಕತ್ತರಿಸುವ ಮಂತ್ರಿ. ನಳದ ಬಾಯಲ್ಲಿ ಜೇಡರ ಬಲೆ. ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಪಕ್ಷದ ಟೋಪಿ ಬಗಲಲ್ಲಿಟ್ಟುಕೊಂಡು 'ಮೊದಲು ಯಾವ ಬಸ್ ಬರ್ತದ್ರಿ?' ಎಂದು ಕೇಳುವ ಪುಢಾರಿ. ಬಾಗಿಲ ಬಳಿ ಬೋರ್ಡು: 'ನಮ್ಮ ಶಿಕ್ಷಕಿಯವರ ತಂದೆಯ ಸಂಗ್ರಹ. ಕಾಪಾಡಿದವರು ಶಿಕ್ಷಕಿಯವರು.'

ಬಂದವರೆಲ್ಲ ಅವಳಿಗೆ ಕೈಮುಗಿದರು. ನನ್ನನ್ನು ಅವಳು "ನಮ್ಮ ಅಕ್ಕ" ಅಂದಳು. ಅಷ್ಟೇ ಅಂದಳು. ಕರದಂಟು ಚಲೋ ಐತಿ ಅಂತ ಹೆಡ್‌ಮಾಸ್ತರರು ನನ್ನನ್ನು ಹೊಗಳಿದರು.

ಮೇಜಿನ ಮೇಲೆ ತೆರೆದಿಟ್ಟ ವಹಿಯ ಪ್ರವಾಹದ ಚಿತ್ರದ ಮುಂದೆ ಇಬ್ಬರು ಮುದುಕರು ನಿಂತಿದ್ದರು. ಮುಳುಗಿದ ಮನೆಯ ಮೇಲೆ ನಿಂತವನು ಹಗ್ಗಕ್ಕಾಗಿ ಕೈ ಬೀಸುತ್ತಾನೆ. ಹೆಲಿಕಾಪ್ಟರಿನಲ್ಲಿ ಕೂತ ಮಂತ್ರಿ ನಗುತ್ತ ತಾನೂ ಕೈ ಬೀಸುತ್ತಾನೆ.

"ಇದು ಮೊನ್ನಿ ಹೊಳಿ ಬಂದಾಗಿಂದು," ಅಂದ ದಡ್ಡಿ ಊರಿನ ಮುದುಕ. "ಆ ಮಾಳಗಿ ಮ್ಯಾಲ ನಿಂತಾಂವ ನಮ್ಮ ಬೀಗ ನೋಡು. ಹೊಟ್ಟಿನೂ ಹಂಗ ಐತಿ."

"ಹುಚ್ಚ ಹಿಡದೈತೇನೋ? ಕಾಗದ ನೋಡು, ಹಳದಿ ಆಗೈತಿ."

"ಹೊಳ್ಯಾಗ ತೋಯ್ದೈತಿ, ಹಳದಿ ಆಗದ ಏನ ಆದೀತು!"

ಎಲ್ಲರೂ ನಕ್ಕರು. ಇಬ್ಬರೂ ತಂಗಿಯತ್ತ ತಿರುಗಿ, "ಎಂದಿಂದ್ರಿ ಬಾಯಾರ ಇದು?" ಅಂತ ಕೇಳಿದರು.

"ತಾರೀಖು ಇಲ್ರಿ ಅಜ್ಜಾರ. ಅಪ್ಪ ಬರ್ದಿಟ್ಟಿಲ್ಲ," ಅಂದಳು ತಂಗಿ.

ಬರೆದಿಟ್ಟಿಲ್ಲವಂತೆ! ಆ ಚಿತ್ರದ ಬೆನ್ನಿಗೆ ನಾನೇ ಬರೆದದ್ದು ಇತ್ತು. ಸಾಲಿ ಬಿಟ್ಟ ವಾರ ಪೇಪರಿನಿಂದ ಬಿಡಿಸಿದ ಚಿತ್ರ ಅದು. ನಾಲಿಗೆಯ ತುದಿಗೆ ಬಂತು. ಆದರೆ ಬರೀ ಮಾತನ್ನು ಯಾರು ನಂಬುತ್ತಾರೆ? ನನ್ನ ಅಕ್ಷರ ಅವರ ಕಣ್ಣಿಗೆ ಬೀಳಬೇಕಿತ್ತು, ತಂಗಿಯ ಕಣ್ಣಿಗೆ ಎಲ್ಲರಿಗಿಂತ ಮೊದಲು.

"ವಹಿಯ ಹೊಲಿಗಿ ಬಿಚ್ಚೇತಿ. ಗೋಕಾಕದಾಗ ಹೊಲಿಸಿ ಕೊಡ್ತೇನಿ," ಅಂದೆ. ಹೊಲಿಗೆ ಗಟ್ಟಿಯಾಗಿಯೇ ಇತ್ತು. ಅವಳು ನಂಬಿ ಕೊಟ್ಟಳು.

ಮರುದಿನ ಮಧ್ಯಾಹ್ನ, ರೊಟ್ಟಿ ಕೆಲಸ ಮುಗಿಸಿ, ಪಾತೇಲಿಯಲ್ಲಿ ನೀರು ಕುದಿಸಿ ಆ ಪುಟವನ್ನು ಉಗಿಗೆ ಹಿಡಿದೆ. ಅಂಟು ಮೆತ್ತಗಾಯಿತು. ಒಂದು ಮೂಲೆ ಎದ್ದಿತು. ಅಡಿಯಲ್ಲಿ ನೀಲಿ ಕಂಡಿತು! ಆಸೆಗೆ ಬಿದ್ದು ತುಸು ಜೋರಾಗಿ ಎಳೆದೆ. ಹೆಲಿಕಾಪ್ಟರು ನಡುವೆ ಹರಿಯಿತು. ಮಂತ್ರಿ ನನ್ನ ಕೈಯಲ್ಲಿ ಉಳಿದ, ಅವನ ಬೀಸುವ ಕೈ ವಹಿಯಲ್ಲಿ ಉಳಿಯಿತು. ಬೆನ್ನಿಗೆ ನೋಡಿದರೆ ಮಸಿ ಕದಡಿ ಒಂದು ನೀಲಿ ಮೋಡವಾಗಿತ್ತು. ವರ್ಷ ಕಾಣದು, ತಿಂಗಳು ಕಾಣದು. ತಾರೀಖು ಅನ್ನುವುದರ 'ತಾ' ಒಂದೇ ದುಂಡಗೆ ಉಳಿದಿತ್ತು.

ಅವತ್ತು ಕ್ಯಾಲೆಂಡರಿನ ಚೌಕದಲ್ಲಿ ಏನೂ ಬರೆಯಲಿಲ್ಲ.

ರವಿವಾರ ತಂಗಿ ಬಂದಳು. ಬಚ್ಚಿಡುವ ಮನಸ್ಸಾಗಲಿಲ್ಲ. ಪುಟ ತೆಗೆದು ಮುಂದಿಟ್ಟೆ.

"ಏನ್ ಮಾಡಿದಿ ಅಕ್ಕಾ ಇದು!"

"ನನ್ನ ಅಕ್ಷರ ಹುಡಕಾಕ ಹೋಗಿದ್ದೆ."

"ಯಾವ ಅಕ್ಷರ?"

ಹೇಳಿದೆ. ಬ್ಲೇಡು, ಎಣ್ಣೆ, ನೀಲಿ ಮಸಿ. ಅವಳು ಆ 'ತಾ'ವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ನನಗ ಅಂಗೈಗೆ ಅಂಟು ಹತ್ತಿದ್ದಷ್ಟ ನೆನಪೈತಿ. ಕೇಳಿದ್ರ ಆಗ್ತಿದ್ದಿಲ್ಲೇನು? ಹರಿಯೂದ್ಯಾಕ ಬೇಕಿತ್ತು?"

"ಕೇಳಿದ್ರ ಬೋರ್ಡಿನ ಮ್ಯಾಲ ನನ್ನ ಹೆಸರ ಬರೀತಿದ್ದೇನು?"

ಅವಳ ಮುಖ ಕೆಂಪಾಯಿತು. ಸಿಟ್ಟೋ ನಾಚಿಕೆಯೋ, ನನಗೆ ತಿಳಿಯಲಿಲ್ಲ. ಪರ್ಸಿನಿಂದ ಪೆನ್ಸಿಲ್ ತೆಗೆದು ನಳದ ಚಿತ್ರದ ಪುಟ ತೆರೆದಳು. "ಹೇಳು. ಯಾವಾಗಿಂದು ಇದು? ಚಿತ್ರದ ಕೆಳಗ ಬರ್ಕೋತೇನಿ."

ಹೇಳಲು ಬಾಯಿ ತೆರೆದವಳು ಅವಳ ಪೆನ್ಸಿಲ್ ನೋಡಿದೆ. ಟೀಚರ್ ಆದವಳ ಚಂದದ ಅಕ್ಷರ. ನನ್ನ ನೆನಪೂ ಈಗ ಅದೇ ಅಕ್ಷರದಲ್ಲಿ ಕೂಡುವುದಿತ್ತು.

"ಪೆನ್ಸಿಲ್ ಇತ್ತ ಕೊಡು," ಅಂದೆ.

ಕೊಟ್ಟಳು. ಕೈಗೆ ಬಂದ ಮೇಲೆ ಗೊತ್ತಾಯಿತು, ತಾರೀಖು ನನಗೂ ನೆನಪಿಲ್ಲ. ನೆನಪಿದ್ದದ್ದನ್ನೇ ಬರೆದೆ: 'ಅವ್ವ ಜ್ವರ ಬಿಟ್ಟು ಮೊದಲ ಸಲ ರೊಟ್ಟಿ ಬಡಿದ ದಿನ.'

"ಇದು ತಾರೀಖು ಆಕ್ಕೈತೇನಕ್ಕಾ?"

"ಚಿತ್ರ ಅಂತೂ ಎಂದಿಂದರ ಆಗಲಿ, ಇವತ್ತಿಂದ ಅನ್ನಸ್ತೈತಿ. ಆ ರೊಟ್ಟಿ ಮಾತ್ರ ಆವತ್ತಿಂದ."

ಅವಳು ಅಡುಗೆಮನೆಗೆ ಹೋಗಿ ಮೈದಾ ಕಲಸಿ ತಂದಳು. ಹರಿದ ಹೆಲಿಕಾಪ್ಟರಿನ ಎರಡು ತುಂಡು ಜೋಡಿಸಿ, ನೀಲಿ 'ತಾ' ಇದ್ದಷ್ಟು ಜಾಗ ಬಿಟ್ಟು ಅಂಟು ಸವರಿ, ಮೇಲೆ ಅಂಗೈ ಒತ್ತಿ ಕೂತಳು. ಅದು ಒಣಗುವ ತನಕ ಪಕ್ಕದ ಪುಟದ ಕೆಳಗೆ ನಾನು ಬರೆಯುತ್ತ ಹೋದೆ. ಪೆನ್ಸಿಲ್ ಅವಳು ಕೇಳಲಿಲ್ಲ. ಕೇಳಿದ್ದರೂ ಕೊಡುತ್ತಿರಲಿಲ್ಲ.