ಹಿಟ್ಟಿನ ಕೈ

ನಮ್ಮ ಗುಡ್ಡದಲ್ಲಿ ತಾಟು ಬಡಿದ ಸದ್ದು ಕೇಳಿದರೆ ಹೆಂಗಸರೆಲ್ಲ ಕೈಯನ್ನು ಹಿಟ್ಟಿಗೆ ಹಾಕಬೇಕಿತ್ತು. ಎಂಬತ್ತರ ದಶಕದ ನಡುವಿನಲ್ಲಿ ನಾವೇ ಮಾಡಿಕೊಂಡ ಕಾನೂನು ಅದು. ಗೋವಾದ ಫೋಂಡಾ ಊರಿನ ಹೊರಗೆ, ಚಿರೆಕಲ್ಲು ಕಡಿದು ಬಿಟ್ಟ ಆ ಗುಡ್ಡದ ಮೇಲೆ, ಬಿಜಾಪುರ ಕಡೆಯಿಂದ ದುಡಿಯಲು ಬಂದ ನಾವು ತಗಡು ತಾಡಪತ್ರಿ ಹೊದಿಸಿ ಮನೆ ಮಾಡಿಕೊಂಡಿದ್ದೆವು. ಆ ಮನೆಗಳನ್ನು ತೆರವು ಮಾಡಿ ಎಂಬ ನೋಟೀಸು ಹಿಡಿದು ಪಂಚಾಯಿತಿಯ ಜವಾನ ಹತ್ತಿ ಬರುವುದು ಕೆಳಗಿನ ತಿರುವಿನಲ್ಲೇ ಕಾಣುತ್ತಿತ್ತು. ಮೊದಲು ಕಂಡವಳು ತಾಟು ಬಡಿಯುತ್ತಿದ್ದಳು. ಅವನು ಓಣಿಗೆ ಕಾಲಿಡುವ ಹೊತ್ತಿಗೆ ಪ್ರತಿ ಬಾಗಿಲಲ್ಲೂ ಒಬ್ಬಳು ಪರಾತದ ಮುಂದೆ ಕುಳಿತು ಜೋಳದ ಹಿಟ್ಟು ನಾದುತ್ತಿದ್ದಳು.

"ಬಾಯ್, ಕಾಗದ ಘೆ," ಎಂದು ಕೊಂಕಣಿಯಲ್ಲಿ ಹೇಳಿ ನೋಟೀಸು ಚಾಚುತ್ತಿದ್ದ ಅವನು.

"ಕೈ ಹಿಟ್ಟಾಗೈತ್ರಿ."

ಮಧ್ಯಾಹ್ನ ಮೂರಕ್ಕೂ ಅದೇ ಉತ್ತರ, ಸಂಜೆ ಐದಕ್ಕೂ ಅದೇ. ಈ ಮಂದಿ ದಿನಕ್ಕೆ ಎಷ್ಟು ರೊಟ್ಟಿ ತಿನ್ನುತ್ತಾರೆ ಎಂದು ಅವನಿಗೆ ನಿಜವಾಗಿಯೂ ಸಂಶಯ ಬಂದಿರಬೇಕು. ನೋಟೀಸನ್ನು ಗೋಡೆಗೆ ಅಂಟಿಸಿ ಹೋದರೆ ನಾವು ನೀರು ಹಚ್ಚಿ ಕಿತ್ತು ಒಲೆಗೆ ಹಾಕುತ್ತಿದ್ದೆವು. ಅಂಟಿಸಿದ್ದಕ್ಕೆ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತುವವರು ಇಡೀ ಗುಡ್ಡದಲ್ಲಿ ಒಬ್ಬರೂ ಸಿಗುತ್ತಿರಲಿಲ್ಲ.

ಈ ಉಪಾಯ ಕಾಕಿಯದು. ಸ್ವಂತ ಕಾಕಿಯಲ್ಲ, ಗುಡ್ಡಕ್ಕೆಲ್ಲ ಕಾಕಿ. ಗಂಡ ತೀರಿದ ಮೇಲೆ ಗಾರೆ ಕೆಲಸಕ್ಕೆ ಹೋಗಿ, ಮಳೆಗಾಲದಲ್ಲಿ ನೀರು ಹರಿಯುವ ನಾಲಾದ ದಂಡೆಗೆ ಒಂದು ಕೋಣೆ ಕಟ್ಟಿಕೊಂಡಿದ್ದಳು. ಆದರೆ ಕಾಗದ ಮುಟ್ಟುವುದಿಲ್ಲ ಎಂದು ಮನೆ ಮನೆಗೆ ಹೋಗಿ ಆಣೆ ಮಾಡಿಸಿದವಳು ನಾನು. ಏಳನೇ ಇಯತ್ತೆ ಓದಿದ್ದೆ, ನಮ್ಮ ಗುಡ್ಡದವರ ಸಂಘಟನೆಯ ಬೋರ್ಡು ಬರೆಯುತ್ತಿದ್ದೆ, ಮಾತೂ ಸ್ವಲ್ಪ ಜಾಸ್ತಿ. "ಯಾರ ಕೊಟ್ರೂ ಮುಟ್ಟಬ್ಯಾಡ್ರಿ. ದೇವರು ಬಂದು ಕೊಟ್ರೂ ಮುಟ್ಟಬ್ಯಾಡ್ರಿ," ಎಂದು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಚಪ್ಪಾಳೆ ಬಿದ್ದಿತ್ತು.

ನಾವು ಸಾಧು ಮಂದಿಯೇನೂ ಆಗಿರಲಿಲ್ಲ. ರಸ್ತೆಗೆ ಅಡ್ಡ ಕಲ್ಲುಬಂಡೆ ಉರುಳಿಸಿದ್ದೇವೆ. ಪಂಚಾಯಿತಿಯ ಕಾರ್ಯದರ್ಶಿಯನ್ನು ಅವರ ಕಚೇರಿಯಲ್ಲೇ ಕೂಡಿಹಾಕಿ ಒಂದು ಇಡೀ ಹಗಲು ನೀರು ಕೊಡದೆ ಇಟ್ಟಿದ್ದೇವೆ. ಮನೆ ಕೆಡವಲು ಬಂದ ಯಂತ್ರದ ಗಾಜನ್ನು ಒಡೆದಿದ್ದೇವೆ. ಅದೇ ದಿನ ಕಾಕಿ ಯಂತ್ರದ ಎದುರು ಅಡ್ಡ ಮಲಗಿದಳು. ಪೊಲೀಸರ ಲಾಠಿಗೆ ಅವಳ ಮುಂದಿನ ಎರಡು ಹಲ್ಲು ಹೋದವು. ನಮ್ಮ ಮುಂದಾಳು, ಲಾರಿಗೆ ಮಾಲು ಹೇರುತ್ತಿದ್ದವನು, ಎಲ್ಲರೂ ಅಣ್ಣಾರು ಎಂದು ಕರೆಯುತ್ತಿದ್ದವನು, ಮೂರು ತಿಂಗಳು ಜೈಲಿನಲ್ಲಿದ್ದು ಬಂದ.

ತೊಂಬತ್ತರ ದಶಕದಲ್ಲಿ ಹೆಂಗಸರಿಗೂ ಜಾಗ ಮೀಸಲಿಟ್ಟು ಪಂಚಾಯಿತಿ ಚುನಾವಣೆ ಬಂತು. ನಾವು ನಿಂತೆವು. ಊರಿನ ಕೊಂಕಣಿ ಮಾತಿನ ಕೂಲಿಕಾರರೂ ನಮ್ಮ ಜೊತೆ ಸೇರಿದ್ದರಿಂದ ಒಂಬತ್ತರಲ್ಲಿ ಐದು ಗೆದ್ದೆವು. ಅಣ್ಣಾರು ಸರಪಂಚನಾದ, ನಾನು ನಮ್ಮ ಗುಡ್ಡದ ವಾರ್ಡಿನ ಸದಸ್ಯೆ, ಅಂದರೆ ಪಂಚಳಾದೆ. ಮೈತುಂಬ ಗುಲಾಲು, ಹಲಗೆ ವಾದ್ಯ, ಕಾಕಿ ಹಲ್ಲಿಲ್ಲದ ಬಾಯಿ ತೆರೆದು ಕುಣಿದದ್ದು ಎಲ್ಲವೂ ಆಯಿತು.

ಮರುದಿನ ಕಚೇರಿಗೆ ಹೋದೆವು. ಹತ್ತು ವರ್ಷ ಆ ಮೇಜಿನ ಈಚೆ ನಿಂತು ಕೂಗಿದವರಿಗೆ ಆಚೆ ಹೋಗಿ ಕೂಡುವುದು ಹೇಗೆಂದು ತಿಳಿಯಲಿಲ್ಲ. ಅಣ್ಣಾರು ಸ್ವಲ್ಪ ಹೊತ್ತು ನಿಂತೇ ಇದ್ದ. ನಾವು ಕೂಡಿಹಾಕಿದ್ದ ಅದೇ ಕಾರ್ಯದರ್ಶಿ ಕುರ್ಚಿ ಒರೆಸಿ ಕೊಟ್ಟು, ಒಂದು ಕಡತ ಮುಂದಿಟ್ಟರು. ಮುಖದಲ್ಲಿ ಸಿಟ್ಟಿರಲಿಲ್ಲ, ಅದು ನನಗೆ ಇನ್ನೂ ಕಿರಿಕಿರಿ ಮಾಡಿತು. ನಾಲಾದ ದಂಡೆಯ ಹನ್ನೆರಡು ಮನೆಗಳ ಕಡತ ಅದು. ನೀರಿನ ದಾರಿಗೆ ಅವು ಅಡ್ಡ ಬಂದು, ಪ್ರತಿ ಮಳೆಗಾಲ ಕೆಳಗಿನ ಓಣಿಯೊಳಗೆ ಸೊಂಟದವರೆಗೆ ನೀರು ನುಗ್ಗುತ್ತಿತ್ತು. ಹಿಂದಿನ ವರ್ಷ ಒಬ್ಬ ಮುದುಕ ಕೊಚ್ಚಿಹೋಗಿದ್ದ. ಆಗ ನಾವು ಹೆಣ ಮುಂದಿಟ್ಟುಕೊಂಡು ಇದೇ ಕಾರ್ಯದರ್ಶಿಗೆ ಧಿಕ್ಕಾರ ಕೂಗಿದ್ದೆವು.

"ಈಗ ನೀವೇ ಹೇಳಿ," ಎಂದರು ಅವರು.

ಅಣ್ಣಾರು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಬೈಯಲು ಯಾರೂ ಉಳಿದಿರಲಿಲ್ಲ.

ಮೂರು ತಿಂಗಳು ಓಡಾಡಿ, ಗುಡ್ಡದ ನೆತ್ತಿಯ ಸಪಾಟು ನೆಲದಲ್ಲಿ ಹನ್ನೆರಡು ತುಂಡು ಜಾಗ ಮಂಜೂರು ಮಾಡಿಸಿದೆವು. ನಾಲಾದ ಮನೆಯವರು ಕಾಗದ ತೆಗೆದುಕೊಂಡು, ಹದಿನೈದು ದಿನದೊಳಗೆ ಕಚೇರಿಗೆ ಬಂದು ಹೆಬ್ಬೆಟ್ಟು ಒತ್ತಿದರೆ ಜಾಗ ಅವರದು, ಮನೆಗೆ ನಂಬರೂ ಸಿಗುತ್ತದೆ. ಬಾರದಿದ್ದರೆ ಆ ತುಂಡು, ಜಾಗಕ್ಕೆ ಅರ್ಜಿ ಹಾಕಿ ಕಾದವರ ಪಟ್ಟಿಯಲ್ಲಿ ಮುಂದಿನವರಿಗೆ. ನಮ್ಮವರಿಗೆ ಮಾತ್ರ ಸಡಿಲ ಬಿಟ್ಟರು ಎಂದು ಯಾರೂ ಆಡಿಕೊಳ್ಳಬಾರದು ಎಂದು ಹದಿನೈದು ದಿನದ ಆ ಮಾತನ್ನು ಸಭೆಯಲ್ಲಿ ಹೇಳಿದ್ದು ನಾನೇ. ಆವತ್ತು ನನಗೆ ನನ್ನ ಬಗ್ಗೆ ಭಾರೀ ಹೆಮ್ಮೆಯಾಗಿತ್ತು.

ಕಾಗದ ಹಂಚಲು ನಾನೇ ಹೋಗಬೇಕಿತ್ತು. ಪಂಚಳಾದವಳು ಮನೆ ಮನೆ ಅಲೆಯುವುದೇ ಎಂಬ ಗತ್ತು ಎಲ್ಲಿಂದಲೋ ಬಂದುಬಿಟ್ಟಿತ್ತು. ಜವಾನನನ್ನು ಕಳಿಸಿದೆ. ಅವನು ತಿರುವಿನಲ್ಲಿ ಕಾಣಿಸಿದ, ತಾಟು ಬಡಿಯಿತು, ಹನ್ನೆರಡು ಬಾಗಿಲಲ್ಲಿ ಹನ್ನೆರಡು ಪರಾತ ಕುಳಿತವು. ಒಂದು ಗಂಟೆಯಲ್ಲಿ ಅಷ್ಟೂ ಕಾಗದ ವಾಪಸು ತಂದು ನನ್ನ ಮುಂದೆ ಇಟ್ಟು, "ಹಿಟ್ಟು," ಎಂದ ಅವನು. ನಗುತ್ತಿದ್ದ. ನನಗೂ ನಗು ಬಂತು, ನಂತರ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡೆ.

ಮರುದಿನದಿಂದ ನಾನೇ ಹೊರಟೆ. ಕೂತು, ಓದಿ ಹೇಳಿ, ಅವರ ಅನುಮಾನ ತಿಂದು, ಚಹಾ ಕುಡಿದು, ಒಂದು ವಾರದಲ್ಲಿ ಹನ್ನೊಂದು ಮನೆಯವರನ್ನು ಒಪ್ಪಿಸಿದೆ. ಕಾಕಿ ಮಾತ್ರ ಪರಾತದಿಂದ ಕೈ ತೆಗೆಯಲಿಲ್ಲ.

"ಕಾಕಿ, ಇದು ಆ ಕಾಗದ ಅಲ್ಲ. ಇದು ನಮ್ದು. ಜಾಗಾ ಕೊಡೋ ಕಾಗದ."

"ಯಾರ ಕೊಟ್ರೂ ಮುಟ್ಟಬ್ಯಾಡ್ರಿ ಅಂದಾಕಿ ನೀನ ಅಲ್ಲೇನ?"

"ಅವಾಗಿಂದು ಬ್ಯಾರೆ, ಈಗಿಂದು ಬ್ಯಾರೆ."

"ನಂಗ ಹಲ್ಲ ಹ್ವಾದದ್ದು ಇದ ಜಾಗಾದಾಗ. ಮ್ಯಾಲೆ ಹೋಗತೀನಂತ ಹೆಬ್ಬಟ್ಟ ಒತ್ತಿದ್ರ, ಇದು ನಂದಲ್ಲ ಅಂತ ನಾನ ಬರಕೊಟ್ಟಂಗ ಆತು. ಅವರು ಆವತ್ತ ಹೇಳಿದ್ದೂ ಅದನ್ನ."

"ನೀರು ಬಂದ್ರ ಮಂದಿ ಸಾಯ್ತಾರ, ಕಾಕಿ."

"ಅದನ್ನೂ ಅವರು ಹೇಳತಿದ್ರು," ಎಂದಳು. ಖರೇ. ಹೇಳುತ್ತಿದ್ದರು.

ಹದಿನೈದನೆಯ ದಿನದವರೆಗೆ ದಿನವೂ ಹೋದೆ. ಇನ್ನೊಂದು ತಿಂಗಳು ಕೊಡೋಣ ಎಂದು ಅಣ್ಣಾರಿಗೆ ಕೇಳಿದೆ. ಅವನು ತಲೆ ಎತ್ತದೆ, "ಮಾತು ನಿಂದು, ತಂಗಿ. ಕಾಕಿಗೆ ಒಂದು, ಉಳದವರಿಗೆ ಒಂದು ಅಂದ್ರ ನಾಳೆ ಯಾರೂ ನಮ್ಮ ಮಾತು ಕೇಳೂದಿಲ್ಲ," ಎಂದ. ಅವನ ಮೇಲೆ ನನಗೆ ಬಹಳ ಸಿಟ್ಟು ಬಂತು. ಅವನು ಹೇಳಿದ್ದು ಸರಿಯಾಗಿತ್ತು ಎಂಬುದೇ ಆ ಸಿಟ್ಟಿಗೆ ಕಾರಣ.

ಮಳೆಗೆ ಎರಡು ವಾರ ಇರುವಾಗ ಯಂತ್ರ ಬಂತು. ಈ ಸಲ ಅದನ್ನು ಕರೆಸಿದ್ದು ನಾವು. ಹನ್ನೊಂದು ಮನೆಯವರು ತಗಡು ಬಿಚ್ಚಿಕೊಂಡು ಮೇಲೆ ಹೋಗಿದ್ದರು. ಉಳಿದದ್ದು ಒಂದೇ ಕೋಣೆ. ಅದನ್ನು ಕೆಡವುವ ಮುಂಚೆ ಆ ವಾರ್ಡಿನ ಪಂಚ ಪಂಚನಾಮೆಗೆ ಸಹಿ ಹಾಕಬೇಕಿತ್ತು. ಅಲ್ಲಿಗೆ ಹೋಗಲು ಧೈರ್ಯ ಸಾಲದೆ ನಾನು ಮನೆಯಲ್ಲೇ ಉಳಿದಿದ್ದೆ. ಜವಾನ ಕಾಗದ ಹಿಡಿದು ನನ್ನ ಓಣಿಗೆ ತಿರುಗಿದಾಗ ಯಾರೋ ಅಭ್ಯಾಸಬಲದಿಂದ ತಾಟು ಬಡಿದರು. ನಾನು ಯೋಚಿಸಲಿಲ್ಲ. ಅವನು ಬಾಗಿಲಿಗೆ ಬಂದಾಗ ನನ್ನ ಎರಡೂ ಕೈ ಹಿಟ್ಟಿನಲ್ಲಿದ್ದವು.

"ಬಾಯ್, ಸಹಿ," ಎಂದ.

"ಕೈ ಹಿಟ್ಟಾಗೈತ್ರಿ," ಎಂದೆ.

ಅವನು ನಗಲಿಲ್ಲ. ಹತ್ತು ವರ್ಷ ನಮ್ಮ ಬಾಗಿಲು ತುಳಿದ ಮನುಷ್ಯ. ಹೊರಗಿನ ಕಲ್ಲಿನ ಮೇಲೆ ಕುಳಿತು ಬೀಡಿ ಹಚ್ಚಿದ. ಕೆಳಗೆ ಯಂತ್ರ ಗುರುಗುಡುತ್ತ ನಿಂತಿತ್ತು. ಸಹಿ ಮಾಡದಿದ್ದರೆ ಕಾಕಿಯ ಕೋಣೆ ಇನ್ನೊಂದು ಮಳೆಗಾಲ ಉಳಿಯುತ್ತದೆ, ಕೆಳಗಿನ ಓಣಿಗೆ ನೀರು ಬರುತ್ತದೆ, ಇಷ್ಟೇ ಲೆಕ್ಕ. ಆ ಲೆಕ್ಕ ಗೊತ್ತಿದ್ದೂ ನಾನು ಹಿಟ್ಟು ನಾದುತ್ತಲೇ ಇದ್ದೆ.

ಎಷ್ಟೋ ಹೊತ್ತಿನ ಮೇಲೆ ಬಾಗಿಲಿಗೆ ನೆರಳು ಬಂತು. ಕಾಕಿ. ನಾನು ಸಹಿ ಮಾಡುತ್ತಿಲ್ಲ ಎಂಬ ಸುದ್ದಿ ಅವಳಿಗೆ ಮುಟ್ಟಿತ್ತು. ಮೂಲೆಯ ಕೊಡದಿಂದ ತಂಬಿಗೆಯಲ್ಲಿ ನೀರು ತುಂಬಿಕೊಂಡು ನನ್ನ ಎದುರು ಕುಳಿತಳು.

"ಕೈ ಚಾಚು," ಎಂದಳು.

"ಬ್ಯಾಡ ಕಾಕಿ."

"ಚಾಚು ಬೇ. ಹಿಟ್ಟಾಗ ಕೈ ಇಡೂದು ನಮ್ಮ ಕೆಲಸ. ಅದನ್ನ ಮಾಡ್ಲಿ ಅಂತ ನಿನಗ ಓಟ ಹಾಕಿಲ್ಲ ನಾವು."

ನೀರು ಹಾಕಿದಳು. ಬೆರಳ ಸಂದಿಯ ಹಿಟ್ಟನ್ನೂ ತಾನೇ ಉಜ್ಜಿ ತೆಗೆದಳು. ತನ್ನ ಸೆರಗಿನಿಂದ ಒರೆಸಿದಳು. ನಾನು ಅತ್ತೆ. ಸಹಿ ಮಾಡಿದೆ. ಕಾಕಿ ಜವಾನನ ಹಿಂದೆಯೇ ಇಳಿದು ಹೋಗಿ ತನ್ನ ಪರಾತ, ಹಂಚು, ಎರಡು ಸೀರೆ ಹೊರಗೆ ತಂದಳು. ಈ ಸಲ ಅಡ್ಡ ಮಲಗಲಿಲ್ಲ. ಕೆಳಗಿನ ಓಣಿಯಲ್ಲಿ ಒಬ್ಬರ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡಳು.

ಆ ವರ್ಷ ಮಳೆ ಜೋರಾಗಿಯೇ ಹಿಡಿಯಿತು. ನಾಲಾದ ನೀರು ಕಾಕಿಯ ಕೋಣೆ ಇದ್ದ ಜಾಗದ ಮೇಲೆಯೇ ಹಾದು, ನೆಟ್ಟಗೆ ರಸ್ತೆಯ ಕೆಳಗಿನ ಮೋರಿಗೆ ಹೋಯಿತು. ಕೆಳಗಿನ ಓಣಿಗೆ ನೀರು ನುಗ್ಗಲಿಲ್ಲ. ಯಾರೂ ನಮಗೆ ಹಾರ ಹಾಕಲಿಲ್ಲ. ಬಾರದ ನೀರನ್ನು ಯಾರು ಗಮನಿಸುತ್ತಾರೆ?

ಗಮನಿಸಿದ್ದು ಒಬ್ಬಳೇ. ಮಳೆ ಸ್ವಲ್ಪ ಬಿಟ್ಟ ಒಂದು ಬೆಳಿಗ್ಗೆ ಕಾಕಿ ಕಚೇರಿಗೆ ಬಂದಳು. ಜೀವಮಾನದಲ್ಲಿ ಘೋಷಣೆ ಕೂಗದೆ ಅವಳು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ನನ್ನ ಮೇಜಿನ ಮುಂದೆ ನಿಂತು ಎರಡೂ ಅಂಗೈ ತೆರೆದು ತೋರಿಸಿದಳು. ಉಗುರಿನ ಸಂದಿ ಕೂಡ ಸ್ವಚ್ಛವಾಗಿತ್ತು.

"ಪಡಸಾಲಿಯಾಗ ಕುಂತು ನೀರು ಹೋಗೂದು ನೋಡೀನವಾ. ನೀ ಖರೇ ಹೇಳಿದ್ದಿ. ಕೈ ತೊಳಕೊಂಡ ಬಂದೀನಿ, ಕೊಡು ನಿನ್ನ ಕಾಗದ."

ಹನ್ನೆರಡನೆಯ ತುಂಡನ್ನು ಹಿಂದಿನ ವಾರದ ಸಭೆಯಲ್ಲಿ ಪಟ್ಟಿಯ ಮುಂದಿನವರಿಗೆ ಕೊಟ್ಟಿದ್ದೆವು. ಕಂಪನಿ ಬಸ್ಸಿನಲ್ಲಿ ವೆರ್ಣಾದ ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಹೋಗುವವನ ಸಂಸಾರ. ಅವರು ಆಗಲೇ ಕಂಬ ನೆಟ್ಟಿದ್ದರು. ಕಡತ ತೆಗೆದು ಆ ಪುಟವನ್ನು ಅವಳ ಮುಂದಿಟ್ಟೆ. ಅವಳಿಗೆ ಓದಲು ಬರುವುದಿಲ್ಲ, ನಾನೇ ಓದಿ ಹೇಳಬೇಕಾಯಿತು. ಕೊನೆಯಲ್ಲಿದ್ದ ಸಹಿ ಯಾರದೆಂದು ಕೇಳಿದಳು. ನನ್ನದು ಎಂದು ಅದನ್ನೂ ಹೇಳಿದೆ.