ಡಾರ್ಕಾಳ ಹನ್ನೊಂದು ಸಾವಿರ ಜನ

ಡಾರ್ಕಾ ಪ್ರೊಕೊಪ್ಚುಕ್ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಕೆನಡಾದ ನಮ್ಮ ಸಸ್ಕಾಚೆವಾನಿನ ಚಳಿಯಲ್ಲಿ, ಬಸ್ಸೇ ಹೊರಡಲೊಲ್ಲೆನೆಂದು ಕೆಮ್ಮುವ ದಿನಗಳಲ್ಲೂ, ರಸ್ತೆ ಬದಿಯಲ್ಲಿ ಒಂದು ಮಗುವನ್ನು ಬಿಟ್ಟು ಬಂದವಳಲ್ಲ. ಮಗು ಬೂಟು ಹಾಕಿಕೊಳ್ಳುವುದು ತಡವಾದರೆ ಹಾರ್ನ್ ಹೊಡೆದು ಕಾಯುವಳು. ಊರೆಲ್ಲ ಹೊಗಳಿದ ಆ ಗುಣವೇ ಒಂದು ದಿನ ನಮ್ಮ ಕುತ್ತಿಗೆಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ನಾವು ಎಂದರೆ ಚರ್ಚಿನ ನೆಲಮಾಳಿಗೆಯ ಒಂಬತ್ತು ಹೆಂಗಸರು. ಪ್ರತಿ ಗುರುವಾರ ಬೆಳಗ್ಗೆ ಏಳಕ್ಕೆ ಅಲ್ಲಿ ಸೇರಿ ಪಿರೊಹಿ ಎಂಬ ಉಕ್ರೇನಿನ ಕಡುಬು ಮಾಡಿ ಮಾರುತ್ತೇವೆ. ಹಿಟ್ಟು ಲಟ್ಟಿಸಿ, ಬಿಲ್ಲೆ ಕತ್ತರಿಸಿ, ಆಲೂಗಡ್ಡೆಯ ಉಂಡೆ ಇಟ್ಟು, ಮಡಿಸಿ, ಅಂಚು ಚಿವುಟಿ, ಕುದಿಯುವ ನೀರಿಗೆ ಬಿಡುವುದು. ಒಂಬತ್ತು ಜನರಲ್ಲಿ ನಾನೇ ಚಿಕ್ಕವಳು, ನನಗೆ ಎಪ್ಪತ್ತಾರು. ಯಜಮಾನಿಕೆಯೆಲ್ಲ ಎಂಬತ್ನಾಲ್ಕು ವರ್ಷದ ಸ್ತೆಫಾನಿಯಾ ಅವರದು. ಪಾದ್ರಿಗಳೂ ಅವರನ್ನು ‘ಪಾನಿ’ ಎಂದು ಗೌರವ ಕೊಟ್ಟೇ ಕರೆಯುವುದು.

ಬಸ್ಸಿನ ಕೆಲಸ ಬಿಟ್ಟ ಮೇಲೆ ಡಾರ್ಕಾ ನಮ್ಮಲ್ಲಿಗೆ ಬಂದು ಚಿವುಟುವ ಮೇಜಿಗೆ ಕೂತಳು. ಅವಳು ಚಿವುಟಿದ್ದು ನೀರಿಗೆ ಬಿದ್ದ ಕೂಡಲೇ ಬಾಯಿ ಬಿಟ್ಟಿತು. ಒಂದಲ್ಲ, ಎರಡಲ್ಲ, ಇಡೀ ತಟ್ಟೆ.

“ಏನಮ್ಮಾ ಇದು? ಸೂಪು ಮಾಡು ಅಂದಿದ್ನಾ ನಿಂಗೆ?” ಎಂದರು ಪಾನಿ ಸ್ತೆಫಾನಿಯಾ.

“ಸ್ಟೀರಿಂಗ್ ಹಿಡಿದ ಕೈ, ಪಾನಿ. ನಾಕು ದಿನ ಹೋದ್ರೆ ಪಳಗುತ್ತೆ.”

“ಪಳಗಿದ್ಮೇಲೆ ಬಾ. ಅಲ್ಲೀ ತನಕ ಪಾತ್ರೆ ತೊಳಿ.”

ಆ ‘ಅಲ್ಲೀ ತನಕ’ ನಾಲ್ಕು ವರ್ಷವಾಯಿತು. ವರ್ಷಕ್ಕೊಮ್ಮೆ ಮೇಜಿಗೆ ಬಂದು ಚಿವುಟಿ ನೋಡುವಳು, ಪಿರೊಹಿಗಳು ಬಾಯಿ ಬಿಡುವವು, ಮತ್ತೆ ಪಾತ್ರೆ ತೊಟ್ಟಿಯ ಹತ್ತಿರ ಹೋಗುವಳು. ಅವಳಿಗೆ ಬೇಕಾಗಿದ್ದುದು ಆ ಮೇಜಿನಲ್ಲಿ ಒಂದು ಕುರ್ಚಿ, ಅಷ್ಟೇ. ಬೆನ್ನು ನಮ್ಮ ಕಡೆ ಇದ್ದರೂ ಕಿವಿ ಮೇಜಿನ ಮೇಲೇ ಇರುತ್ತಿತ್ತು. ನಾವು ನಕ್ಕರೆ ಅರ್ಧ ಗಳಿಗೆ ತಡವಾಗಿ ಅವಳೂ ನಗುವಳು.

ಹೀಗಿರುವಾಗ ಗ್ರಂಥಾಲಯದಲ್ಲಿ ಫೋನು ಬಳಸಲು ಕಲಿಸುವ ಎರಡು ಶನಿವಾರದ ತರಗತಿಗೆ ಹೋಗಿ ಬಂದಳು. ನಮ್ಮ ಪಿರೊಹಿಗೆ ಫೋನಿನಲ್ಲಿ ಒಂದು ಪೇಜು ತೆರೆದಳು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಪೇಜು ಬೆಳೆಸುವುದಕ್ಕೆ ಬೇರೆ ಬೇರೆ ಆ್ಯಪುಗಳಂತೆ. ಭಾನುವಾರ ಕೂತು ವಾರದ ಚಿತ್ರಗಳನ್ನೆಲ್ಲ ತುಂಬಿಸಿಟ್ಟರೆ ಹೊತ್ತು ಹೊತ್ತಿಗೆ ತಾನೇ ಹಾಕುವುದು ಒಂದು. ಚಿತ್ರದ ಕೆಳಗೆ ಬರೆಯುವ ಮಾತನ್ನು ತಾನೇ ಹೊಸೆದು ಕೊಡುವುದು ಇನ್ನೊಂದು. ಯಾರು ಎಷ್ಟು ಹೊತ್ತಿಗೆ ನೋಡಿದರು, ಎಲ್ಲಿ ಬೇಸರ ಬಂದು ಎದ್ದು ಹೋದರು ಎಂದು ಗೆರೆ ಎಳೆದು ತೋರಿಸುವುದು ಮತ್ತೊಂದು.

ನಮ್ಮ ಗುರುವಾರ ಹಾಳಾಯಿತು. ಚಿವುಟುತ್ತಿದ್ದ ಕೈಯ ಮೇಲೆ ಫೋನು ತಂದು ಹಿಡಿಯುವಳು.

“ಪರಾಸ್ಕಾ, ಅದನ್ನ ಬಿಚ್ಚಿ ಇನ್ನೊಂದ್ಸಲ ಚಿವುಟೇ. ಬೆಳಕು ಬೀಳ್ಲಿಲ್ಲ.”

“ಚಿವುಟಿದ್ದನ್ನ ಬಿಚ್ಚೋದಾ? ಎಪ್ಪತ್ತು ವರ್ಷದಲ್ಲಿ ಬಿಚ್ಚಿಲ್ಲ ನಾನು,” ಎಂದು ಬೈದೆ.

“ಮೊದಲ ಮೂರು ಸೆಕೆಂಡಲ್ಲಿ ಹಿಡಿದು ಹಾಕಬೇಕಂತೆ ಕಣೇ, ಇಲ್ಲಾಂದ್ರೆ ಜನ ಮುಂದೆ ಹೋಗ್ತಾರೆ.”

“ಹೋಗ್ಲಿ ಬಿಡು,” ಎಂದಳು ನೆಟ್ಟಿ. ಮೇಜಿನ ಆ ತುದಿಯಲ್ಲಿ ಕೂರುವ ನೆಟ್ಟಿಗೆ ಎಲ್ಲದಕ್ಕೂ ಒಂದು ಮಾತಿರುತ್ತದೆ. “ನನ್ನ ಗಂಡನ್ನೇ ಐವತ್ತು ವರ್ಷದಲ್ಲಿ ಹಿಡಿದು ಹಾಕೋಕಾಗ್ಲಿಲ್ಲ ನಂಗೆ.”

ಡಾರ್ಕಾ ಅದನ್ನೂ ವಿಡಿಯೊ ಮಾಡಿ ಪೇಜಿಗೆ ಹಾಕಿದಳು. ಅದನ್ನು ನಲವತ್ತು ಸಾವಿರ ಜನ ನೋಡಿದರಂತೆ. ಡಿಸೆಂಬರು ಬರುವಷ್ಟರಲ್ಲಿ ಪೇಜಿನ ಹಿಂದೆ ಹನ್ನೊಂದು ಸಾವಿರ ಜನ. ಪ್ರತಿ ಗುರುವಾರ ಬಾಗಿಲಲ್ಲೇ ನಿಂತು ಸಂಖ್ಯೆ ಕೂಗುವಳು. ಪಾನಿ ಸ್ತೆಫಾನಿಯಾ ತಲೆ ಎತ್ತದೆ, “ಅವರಲ್ಲಿ ಒಬ್ಬರಿಗಾದ್ರೂ ಕೈ ಇದೆಯೇನೇ? ಇದ್ರೆ ಕಳಿಸು, ಲಟ್ಟಿಸೋರು ಬೇಕಾಗಿದ್ದಾರೆ,” ಎನ್ನುವರು. ಡಾರ್ಕಾ ಫೋನು ಜೇಬಿಗೆ ಇಳಿಸಿ ಪಾತ್ರೆ ಕಡೆ ಹೋಗುವಳು. ಪಾಪ ಅನಿಸುತ್ತಿತ್ತು. ಮುಂದಿನ ವಾರ ಮತ್ತೆ ಫೋನು ಮೂಗಿನ ಹತ್ತಿರ ಬಂದಾಗ ಆ ಪಾಪ ಹೋಗುತ್ತಿತ್ತು.

ನಮಗೆ ಹಳೇ ಪಂಚಾಂಗದ ಪ್ರಕಾರ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿಯೆಂದರೆ ಜನವರಿ ಆರು. ಆವತ್ತಿನ ಪವಿತ್ರ ಊಟಕ್ಕೆ ಹನ್ನೆರಡು ಬಗೆ, ಮಾಂಸವಿಲ್ಲ, ಹಾಲು ಬೆಣ್ಣೆಯೂ ಇಲ್ಲ. ಮೇಜಿನಲ್ಲಿ ಒಂದು ತಟ್ಟೆ ಹೆಚ್ಚಿಗೆ ಇಡುತ್ತೇವೆ, ಬಾಗಿಲು ತಟ್ಟಿದವರಿಗೆ. ಆ ವಾರ ಇಲ್ಲ ಎನ್ನುವ ಮಾತು ನಮ್ಮ ಬಾಯಲ್ಲಿ ಬರಬಾರದು.

ಆ ಊಟಕ್ಕೆ ಮೂರು ವಾರ ಇರುವಾಗ ಡಾರ್ಕಾ ಜ್ವರ ಬಂದು ಹತ್ತು ದಿನ ಮಲಗಿದಳು. ಪೇಜಿನಲ್ಲಿ ಪಿರೊಹಿ ಕೇಳಿದವರಿಗೆ ಉತ್ತರ ಸಿಗದೆ ಇರಬಾರದಲ್ಲ, ಅವಳಿಗೆ ಅದು ಮಗುವನ್ನು ರಸ್ತೆಯಲ್ಲಿ ಬಿಟ್ಟ ಹಾಗೆ. ತಾನೇ ಉತ್ತರ ಕೊಡುವ ಇನ್ನೊಂದು ಆ್ಯಪು ಹಾಕಿಕೊಂಡು, ‘ಡಜನ್’ ಎಂಬ ಮಾತು ಕಂಡಲ್ಲೆಲ್ಲ ಒಂದೇ ಉತ್ತರ ಹೋಗುವಂತೆ ಮಾಡಿ ಕಂಬಳಿ ಹೊದ್ದಳು.

ವರ್ಷದ ಕೊನೆಯ ಗುರುವಾರ ಎದ್ದು ಬಂದವಳು ಬಾಗಿಲಲ್ಲಿ ಸಂಖ್ಯೆ ಕೂಗಲಿಲ್ಲ. ಒಂದು ಚೀಟಿ ಪಾನಿ ಸ್ತೆಫಾನಿಯಾ ಅವರ ಮುಂದಿಟ್ಟಳು.

“ನಾನೂರ ಹನ್ನೆರಡು ಏನಿದು?”

“ಡಜನ್ನು, ಪಾನಿ. ಐದನೇ ತಾರೀಕಿಗೆ.”

ನಾವು ಮೈಮುರಿದು ದುಡಿದರೆ ದಿನಕ್ಕೆ ನೂರು ಡಜನ್. ಮೇಜಿನಲ್ಲಿ ಯಾರ ಕೈಯೂ ಆಡಲಿಲ್ಲ.

“ಓದಮ್ಮ, ಏನಂತ ಉತ್ತರ ಕೊಟ್ಟಿದೆ ಆ ನಿನ್ನ ಯಂತ್ರ?”

ಡಾರ್ಕಾ ಫೋನು ತೆಗೆದು, ತಲೆ ಎತ್ತದೆ ಓದಿದಳು. “‘ಖಂಡಿತ! ನಿಮಗೋಸ್ಕರ ಎತ್ತಿಟ್ಟಿದ್ದೀವಿ! ಗರಿಗರಿ ಬೇಕನ್ ಜೊತೆ ಸವಿಯಿರಿ!’”

“ಪವಿತ್ರ ಊಟಕ್ಕೆ ಹಂದಿ ಮಾಂಸ!” ಪಾನಿ ಸ್ತೆಫಾನಿಯಾ ಲಟ್ಟಣಿಗೆ ಕೆಳಗಿಟ್ಟರು.

“ಮಾತು ಹೊಸೆಯೋ ಆ್ಯಪು ಬರೆದಿದ್ದು. ನಾನು ಓದಿ ನೋಡ್ಲಿಲ್ಲ.”

ಯಾರೋ ಒಬ್ಬ, ಹೋದ ವರ್ಷ ಒಂದು ಡಜನ್ ತಿಂದು ಹೊಟ್ಟೆ ಕೆಟ್ಟಿತ್ತು ಎಂದು ಬರೆದಿದ್ದ. ಅವನಿಗೂ ಖಂಡಿತ, ಎತ್ತಿಟ್ಟಿದ್ದೀವಿ ಎಂದೇ ಹೋಗಿತ್ತು. ನೆಟ್ಟಿ ನಗು ತಡೆಯಲಾರದೆ ಮುಖಕ್ಕೆ ಏಪ್ರನ್ ಮುಚ್ಚಿಕೊಂಡಳು. ನನಗೆ ನಗು ಬರಲಿಲ್ಲ. ನನ್ನ ಸೊಂಟ ಆಗಲೇ ಲೆಕ್ಕ ಹಾಕುತ್ತಿತ್ತು.

“ಎಲ್ರಿಗೂ ಇಲ್ಲ ಅಂತ ಬರೆದುಬಿಡ್ತೀನಿ, ಪಾನಿ. ಪೇಜೂ ಮುಚ್ತೀನಿ. ಇನ್ನು ಇಲ್ಲಿಗೂ ಬರಲ್ಲ.”

“ಆ ಊಟಕ್ಕೆ ಬಾ ಅಂತ ಕರೆದು ಬರಬೇಡ ಅನ್ನೋ ಬಾಯಿ ನಂಗಿಲ್ಲ. ಒಬ್ಬೊಬ್ರಿಗೂ ಫೋನ್ ಮಾಡು, ನಿನ್ನ ಬಾಯಲ್ಲೇ ಮಾತಾಡು. ಯಾರಿಗೆ ನಿಜವಾಗ್ಲೂ ಬೇಕು ಕೇಳ್ಕೊಂಡು ಬಾ. ಬರಲ್ಲ ಅನ್ನೋದು ಆಮೇಲೆ.”

ಎರಡು ದಿನ ಡಾರ್ಕಾ ಕೋಟು ನೇತುಹಾಕುವ ಕೋಣೆಯಲ್ಲಿ ಕೂತು ನೂರ ಮೂವತ್ತೇಳು ಫೋನು ಮಾಡಿದಳು. ಫ್ಲೋರಿಡಾದ ಒಬ್ಬಳು ವಿಮಾನದಲ್ಲಿ ಕಳಿಸುತ್ತೀರಾ ಎಂದಳಂತೆ. ಎಷ್ಟೋ ಜನಕ್ಕೆ ಕೇಳಿದ್ದೇ ಮರೆತುಹೋಗಿತ್ತು. ಕೆಲವರು ಚೆನ್ನಾಗಿ ಬೈದರು. ಗಂಟಲು ಕಟ್ಟಿಕೊಂಡು ಹೊರಬಂದಾಗ ಚೀಟಿಯಲ್ಲಿ ಇನ್ನೂರ ತೊಂಬತ್ತು ಡಜನ್ ಉಳಿದಿತ್ತು.

ಮೂರು ದಿನ ಒಂದೇ ಸಮನೆ ಕೆಲಸ. ಎರಡನೆಯ ದಿನ ನೆಟ್ಟಿಯ ಮಣಿಕಟ್ಟು ಊದಿಕೊಂಡಿತು. ಕುರ್ಚಿ ಖಾಲಿಯಾಯಿತು. ಪಾನಿ ಸ್ತೆಫಾನಿಯಾ ಕೋಣೆಯೆಲ್ಲ ಕಣ್ಣಾಡಿಸಿದರು. ಪಾತ್ರೆ ತೊಟ್ಟಿಯ ಹತ್ತಿರ ಬಿಟ್ಟರೆ ಬೇರೆ ಎಲ್ಲೂ ಒಂದು ಜೋಡಿ ಕೈ ಇರಲಿಲ್ಲ.

“ಬಾ ಇಲ್ಲಿ. ನೀರಲ್ಲಿ ಬಿಚ್ಚಿಕೊಂಡ್ರೆ ನೀನೇ ತಿನ್ನಬೇಕು.”

ಡಾರ್ಕಾ ಕೈ ಒರೆಸಿಕೊಂಡು, ಜೇಬಿನಿಂದ ಒಂದು ಚಿಕ್ಕ ಡಬ್ಬಿ ತೆಗೆದು, ಬೆರಳಿಗೆಲ್ಲ ಕ್ರೀಮು ಸವರಿಕೊಂಡು ನೆಟ್ಟಿಯ ಕುರ್ಚಿಯಲ್ಲಿ ಕೂತಳು. ಅವಳ ಕೈಯೆಲ್ಲ ಬಿರುಕು. ಸೋಪಿನ ನೀರಲ್ಲಿ ಬೀಳುವ ಕೈಗೆ ಅದಿಲ್ಲದೆ ಆಗುವುದಿಲ್ಲ. ಒಂದು ಬಿಲ್ಲೆ ಎತ್ತಿಕೊಂಡಳು. ಪಾನಿ ಸ್ತೆಫಾನಿಯಾ ಅವಳ ಮಣಿಕಟ್ಟು ಹಿಡಿದು ಬೆರಳು ಮೂಸಿದರು.

“ಇದನ್ನ ಯಾವಾಗಿಂದ ಹಚ್ಕೊಳ್ತೀಯೇ?”

“ಬಸ್ಸಿನ ಕಾಲದಿಂದ್ಲೂ. ಚಳಿಗೆ.”

“ಜಿಡ್ಡು ಅಂಚಿಗೆ ತಾಗಿದ್ರೆ ಹಿಟ್ಟು ಅಂಟುತ್ತೇನೇ, ಹುಚ್ಚಿ! ಎದ್ದು ಕೈ ತೊಳಿ. ಒಣ ಹಿಟ್ಟಲ್ಲಿ ಉಜ್ಜು. ನಿಮಗ್ಯಾರಿಗೂ ಕಣ್ಣಿರಲಿಲ್ವಾ?” ಕೊನೆಯದು ನಮಗೆ. ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದೂ ನಾವು ಯಾರೂ ಅವಳ ಕೈ ನೋಡಿರಲಿಲ್ಲ. ಫೋನು ಮೂಗಿನ ಹತ್ತಿರ ಹಿಡಿಯುತ್ತಾಳೆಂದು ಅವಳನ್ನು ಬೈದವಳು ನಾನು.

ಅವಳ ಮೊದಲ ತಟ್ಟೆ ನೀರಿಗೆ ಹೋಯಿತು. ಎಲ್ಲರೂ ಪಾತ್ರೆಯ ಸುತ್ತ ನಿಂತೆವು. ಮೂವತ್ತಾರರಲ್ಲಿ ಎರಡು ಬಾಯಿ ಬಿಟ್ಟವು. ಉಳಿದವು ಒಂದೊಂದೇ ತೇಲಿ ಮೇಲೆ ಬಂದವು. ಡಾರ್ಕಾ ಫೋನಿಗೆ ಕೈ ಹಾಕಲಿಲ್ಲ. ವಾಪಸು ಹೋಗಿ ನೆಟ್ಟಿಯ ಕುರ್ಚಿಯಲ್ಲಿ ಕೂತು ಮತ್ತೊಂದು ಬಿಲ್ಲೆ ಎತ್ತಿಕೊಂಡಳು.

ಐದನೇ ತಾರೀಕು ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಬೇಕನ್ ಎಲ್ಲಿ ಎಂದು ಕೇಳಿದ ಇಬ್ಬರಿಗೆ ಪಾನಿ ಸ್ತೆಫಾನಿಯಾ ಖುದ್ದಾಗಿ ಉತ್ತರ ಕೊಟ್ಟರು. ಅದನ್ನು ಇಲ್ಲಿ ಬರೆಯುವಂತಿಲ್ಲ.

ಉತ್ತರ ಕೊಡುವ ಆ್ಯಪು ಈಗಿಲ್ಲ, ಮಾತು ಹೊಸೆಯುವುದೂ ಇಲ್ಲ. ಚಿತ್ರ ಹಾಕುವುದೊಂದನ್ನು ಉಳಿಸಿಕೊಂಡಿದ್ದಾಳೆ. ಎಷ್ಟು ಹೇಳಿದರೂ ಬಿಡುವುದಿಲ್ಲ, ನಮ್ಮ ಕರ್ಮ. ನೆಟ್ಟಿ ವಾಪಸು ಬಂದ ಗುರುವಾರ ಪಾನಿ ಸ್ತೆಫಾನಿಯಾ ಮೇಲಿನಿಂದ ಹತ್ತನೆಯ ಕುರ್ಚಿ ತರಿಸಿ, ನನ್ನ ಮತ್ತು ಗೋಡೆಯ ನಡುವೆ ಹಾಕಿಸಿದರು. ಜಾಗ ಇಕ್ಕಟ್ಟು, ನನ್ನ ಮೊಣಕೈ ಆಡುವುದಿಲ್ಲ. ಆ ಬೆಳಗ್ಗೆ ಡಾರ್ಕಾಳ ಫೋನು ಟಿಣ್ ಎಂದಿತು.

“ಪಾನಿ, ಯಾರೋ ಹತ್ತು ಡಜನ್ ಕೇಳ್ತಿದ್ದಾರೆ.”

“ಎರಡು.”

ಡಾರ್ಕಾ ಹಿಟ್ಟಿನ ಬೆರಳಲ್ಲಿ ಎರಡು ಎಂದು ಒತ್ತಿ, ಫೋನನ್ನು ಕವುಚಿಟ್ಟು, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.