ಹೊಸ ಚಹಾ ಮತ್ತು ನನಗಿಲ್ಲದ ಜ್ವರ

ಗೆಳೆಯರೇ, ಮೊದಲೇ ಹೇಳಿಬಿಡುತ್ತೇನೆ, ನನಗೆ ಜ್ವರ ಬಂದಿಲ್ಲ.

ಬೆಳಿಗ್ಗೆ ತುಳಸಿ, ಏಲಕ್ಕಿ, ಸೋಂಪು ಬೆರೆಸಿದ ಹೊಸ ಚಹಾಪುಡಿಯನ್ನು ಹಾಲು ಹಾಕದೆ ಕುದಿಸಿದೆ. ಘಾಟಿಲ್ಲ, ಗಂಟಲಿಗೆ ಹಿತವಾಗಿತ್ತು. ಖುಷಿಗೆ ಪಕ್ಕದ ಮನೆಯ ನೀಲಕ್ಕನಿಗೂ ಒಂದು ಕಪ್ ಕೊಟ್ಟೆ. ಕಪ್ಪಿನ ಕೆಳಗಿನ ಬಸಿಗೆ ಸುರಿದುಕೊಂಡು ಒಂದು ಗುಟುಕು ಹೀರಿದವರೇ ನನ್ನ ಹಣೆ ಮುಟ್ಟಿ ನೋಡಿದರು.

"ಕಷಾಯ ಕುಡಿಯೂ ಹಂಗ ಏನಾಗೇತವ್ವ ನಿನಗ?"

"ಅಕ್ಕಾರ, ಇದು ಚಹಾನ ಐತ್ರಿ!"

"ಇರ್ಲಿ ಬಿಡು, ನನ್ನ ಮುಂದ ಯಾಕ ಮುಚ್ಚಿಡ್ತಿ?"

ಮಧ್ಯಾಹ್ನದೊಳಗೆ ಕುಕನೂರಿನ ನಮ್ಮ ಓಣಿಯ ಆರು ಮಂದಿ ಆರೋಗ್ಯ ವಿಚಾರಿಸಲು ಬಂದರು. ಬಂದವರನ್ನು ಚಹಾ ಕೊಡದೆ ಕಳಿಸುವುದುಂಟೇ? ಎಲ್ಲರಿಗೂ ಹಾಲು, ಸಕ್ಕರೆ ಸುರಿದ ಖಡಕ್ ಚಹಾ ಮಾಡಿಕೊಟ್ಟೆ.

ಈಗ ನಿಜಕ್ಕೂ ತಲೆ ಸಿಡಿಯುತ್ತಿದೆ. ಒಂದು ಕಪ್ ಕಷಾಯಕ್ಕೆ ನೀರಿಟ್ಟಿದ್ದೇನೆ.